ಅರ್ಥ ಹೇಳುವವನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನಲ್ಲಿಯೂ ಮರ್ಯಾದಸ್ಥರ ಹೊಟ್ಟೆಕಿಚ್ಚು ಎಂಬುದೊಂದಿದೆ. ಪಕ್ಕದ ಮನೆಯವರು ಹೊಸ ಕಾರು ತಂದರು, ಜೊತೆಗೆ ಕೆಲಸಕ್ಕೆ ಸೇರಿದವನಿಗೆ ಮೊದಲು ಪ್ರಮೋಶನ್ ಆಯಿತು, ಷಡ್ಡಕನ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು, ಇಂಥದಕ್ಕೆಲ್ಲ ಹೊಟ್ಟೆ ಉರಿದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೇಳಿದವರು ತಾವೂ ಒಂದಿಷ್ಟು ಉರಿದುಕೊಂಡು ನಮ್ಮನ್ನು ಸಮಾಧಾನ ಮಾಡುತ್ತಾರೆ. ನನ್ನದು ಆ ಜಾತಿಗೆ ಸೇರಿದ್ದಲ್ಲ. ನನಗೆ ಒಂದಕ್ಷರವೂ ಬಾರದ ಭಾಷೆಗಳ ಹಾಡಿಗೆ ಬೇರೊಬ್ಬರು ಸರಿಯಾದ ಅರ್ಥ ಹೇಳಿದರಲ್ಲ ಎಂದು ಉರಿದುಕೊಂಡವನು ನಾನು. ಇದನ್ನು ಮುಲುಂಡ್‌ನಿಂದ ದಾದರ್‌ವರೆಗೆ ದಿನವೂ ಲೋಕಲ್‌ನಲ್ಲಿ ನನ್ನ ಪಕ್ಕ ನೇತಾಡುವ ಗೆಳೆಯರಿಗೆ ಹೇಳಿದರೆ ಅವರು ಮುಂದಿನ ಸ್ಟೇಷನ್ನಿನಲ್ಲಿ ಡಬ್ಬಿ ಬದಲಿಸುತ್ತಾರೆ. ಹೆಂಡತಿಗೆ ಹೇಳುವ ಹಾಗೇ ಇಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಆದ್ದರಿಂದ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾನು ದಾದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಅನುವಾದಕ. ಇಂಗ್ಲಿಷಿನಲ್ಲಿ ಬರುವ ಸುತ್ತೋಲೆಗಳನ್ನು ಹಿಂದಿಗೆ ತಿರುಗಿಸುವುದು ನನ್ನ ಕೆಲಸ. ಮೂವತ್ತು ವರ್ಷಗಳಿಂದ ತಿರುಗಿಸುತ್ತಲೇ ಇದ್ದೇನೆ. ಅವುಗಳನ್ನು ಓದಿದ ಒಬ್ಬ ಮನುಷ್ಯನನ್ನೂ ಇದುವರೆಗೆ ಭೇಟಿಯಾಗಿಲ್ಲ. ಒಮ್ಮೆ ಮಾತ್ರ ಮೇಲಿನ ಸಾಹೇಬರೊಬ್ಬರು ಕರೆಸಿ, ಮೂಲದಲ್ಲಿರುವ ಒಂದು ಅಲ್ಪವಿರಾಮ ಹಿಂದಿಯಲ್ಲಿ ಕಾಣುವುದಿಲ್ಲವಲ್ಲ ಎಂದು ಕೇಳಿದ್ದರು. ಆ ಅಲ್ಪವಿರಾಮವನ್ನು ಹಿಂದಕ್ಕೆ ತಂದು ಕೂರಿಸಲು ಮೂರು ಜನರ ಸಹಿ ಬೇಕಾಯಿತು. ಆದರೆ ಹೊರಗಿನವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ? ಅನುವಾದಕ ಎಂದ ಕೂಡಲೇ ಲೋಕದ ಭಾಷೆಗಳೆಲ್ಲ ಇವನ ಜೇಬಿನಲ್ಲಿವೆ ಎಂದು ತಿಳಿಯುತ್ತಾರೆ. ಹಾಗೆ ತಿಳಿದವರಲ್ಲಿ ಮೊದಲಿಗರು ನಮ್ಮ ಜಯರಾಮಣ್ಣ.

ಜಯರಾಮಣ್ಣ ಉಡುಪಿ ಕಡೆಯವರು, ನಾನೂ ಆ ಕಡೆಯವನೇ. ಅವರಿಗೆ ದಾದರಿನಲ್ಲಿ ಹೋಟೆಲು, ನನಗೆ ದಾದರಿನಲ್ಲಿ ಕಚೇರಿ, ಇಬ್ಬರಿಗೂ ಮುಲುಂಡಿನ ಒಂದೇ ಸೊಸೈಟಿಯಲ್ಲಿ ಮನೆ. ನಮ್ಮಿಬ್ಬರಿಗೂ ತುಳು ಬಂದರೂ ಕೂಡಿದಾಗ ಕನ್ನಡವನ್ನೇ ಆಡುತ್ತೇವೆ, ಏಕೆಂದರೆ ನನ್ನ ಹೆಂಡತಿ ಸುಮತಿ ವಿಜಾಪುರದ ಕಡೆಯವಳು, ಒಂದೇ ಪಡಸಾಲೆಗೆ ಹತ್ತಾರು ಮನೆಗಳ ಬಾಗಿಲಿರುವ ಪರೇಲಿನ ಚಾಳಿನಲ್ಲಿ ಬೆಳೆದವಳು. ಮನೆಯ ಹೊಸ್ತಿಲೊಳಗೆ ತುಳು ಆಡಿದರೆ ತನ್ನ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದೇವೆ ಎಂದು ತಿಳಿಯುತ್ತಾಳೆ. ಜಯರಾಮಣ್ಣನ ಮಗಳು ಶ್ರೇಯಾ ಕಾಲೇಜಿಗೆ ಹೋಗುತ್ತಾಳೆ. ಯುರೋಪಿನ ದೇಶಗಳೆಲ್ಲ ಸೇರಿ ವರ್ಷಕ್ಕೊಮ್ಮೆ ನಡೆಸುವ ಹಾಡಿನ ಸ್ಪರ್ಧೆಯನ್ನು ಟೀವಿಯಲ್ಲಿ ನೋಡುವ ಹುಚ್ಚನ್ನು ನಮಗೆಲ್ಲ ಹಿಡಿಸಿದವಳು ಅವಳೇ. ಅಲ್ಲಿ ಅದು ನಡೆಯುವಾಗ ನಮಗಿಲ್ಲಿ ಗಾಢ ನಿದ್ದೆಯ ಹೊತ್ತು. ಆದ್ದರಿಂದ ಮರುದಿನ, ಭಾನುವಾರ ಬೆಳಿಗ್ಗೆ, ಜಯರಾಮಣ್ಣನ ಹಾಲ್‌ನಲ್ಲಿ ಗೋಳಿಬಜೆ ತಿನ್ನುತ್ತ ಆಗಲೇ ನಡೆಯುತ್ತಿದೆಯೋ ಎಂಬಂತೆ ನೋಡುವುದು ನಮ್ಮ ಪದ್ಧತಿ. ಗೆದ್ದವರು ಯಾರೆಂದು ಮೊದಲೇ ತಿಳಿದುಬಿಟ್ಟರೆ ಮಜಾ ಹೋಗುತ್ತದಲ್ಲ, ಅದಕ್ಕೆ ಶ್ರೇಯಾ ಒಂದು ಕಟ್ಟುನಿಟ್ಟು ಮಾಡಿದ್ದಾಳೆ. ಬಂದವರೆಲ್ಲ ಬಾಗಿಲಲ್ಲೇ ಮೊಬೈಲು ಒಪ್ಪಿಸಬೇಕು. ಅವನ್ನೆಲ್ಲ ಅಡುಗೆಮನೆಯ ದೊಡ್ಡ ಇಡ್ಲಿ ಪಾತ್ರೆಯಲ್ಲಿ ಇಟ್ಟು ಮುಚ್ಚಳ ಹಾಕಲಾಗುತ್ತದೆ. ಕಾರ್ಯಕ್ರಮ ಮುಗಿಯುವವರೆಗೆ ಆ ಪಾತ್ರೆಯನ್ನು ಯಾರೂ ಮುಟ್ಟುವಂತಿಲ್ಲ.

ಮೊದಲ ವರ್ಷ ಮೊದಲ ಹಾಡಿಗೆ ಕಪ್ಪು ಬಟ್ಟೆಯ ಹುಡುಗಿಯೊಬ್ಬಳು ನೆಲದ ಮೇಲೆ ಮಲಗಿ ಕಿರಿಚಿದಳು. ಸುತ್ತಲೂ ಹೊಗೆ. ಜಯರಾಮಣ್ಣನ ಹೆಂಡತಿ ವನಜಕ್ಕ, "ವಿಶ್ವಣ್ಣ, ಆ ಹುಡುಗಿ ಎಂತ ಹೇಳುವುದು?" ಎಂದು ನನ್ನನ್ನು ಕೇಳಿದರು. ನನ್ನದೊಂದು ದೌರ್ಬಲ್ಯವಿದೆ. ಯಾರಾದರೂ ಏನಾದರೂ ಕೇಳಿದರೆ ಗೊತ್ತಿಲ್ಲ ಎನ್ನಲು ನನಗೆ ನಾಲಗೆ ಹೊರಳುವುದಿಲ್ಲ. ದಾದರ್ ಸ್ಟೇಷನ್ನಿನ ಹೊರಗೆ ದಾರಿ ಕೇಳಿದವರಿಗೆಲ್ಲ ಕೈ ತೋರಿಸಿ ಹೇಳಿಬಿಡುತ್ತೇನೆ. ಪಕ್ಕದ ಪರೇಲಿಗೆ ಹೋಗಬೇಕಾದ ವೃದ್ಧ ದಂಪತಿಯನ್ನು ಒಮ್ಮೆ ದೂರದ ಪನವೇಲ್ ಬಸ್ಸಿಗೆ ಹತ್ತಿಸಿ ಟಾಟಾ ಕೂಡ ಮಾಡಿದ್ದೇನೆ. ಅಂದೂ ಹಾಗೆಯೇ ಆಯಿತು. ಇವಳ ಗಂಡ ಹಾಲು ತರುತ್ತೇನೆಂದು ಬೆಳಿಗ್ಗೆ ಹೋದವನು ಇನ್ನೂ ಬಂದಿಲ್ಲ, ಒಳಗಿನಿಂದ ಅತ್ತೆ ಚಹಾ ಎಲ್ಲಿ ಎಂದು ಕೂಗುತ್ತಿದ್ದಾಳೆ, ಖಾಲಿ ಪಾತ್ರೆ ಒಲೆಯ ಮೇಲೇ ಇದೆ, ಹೊಗೆ ಬರುತ್ತಿರುವುದು ಅದಕ್ಕೇ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಬಂದ ಒಂದು ಹಾಡಿನಲ್ಲಿ ಗಡ್ಡದವನೊಬ್ಬ 'ಮಿನಾ, ಮಿನಾ' ಎಂದು ಗೋಳಾಡುತ್ತಿದ್ದ. ನಾನು ತಡಮಾಡದೆ, ಮೀನು ಸಿಗದ ಬೆಸ್ತನ ಹಾಡಿದು ಎಂದೆ. ಜಯರಾಮಣ್ಣ ಕಣ್ಣರಳಿಸಿ, ಅಲ್ಲಿಯೂ ಬಂಗುಡೆ ಉಂಟಾ ಎಂದು ಕೇಳಿದರು. ಉಂಟು, ಆದರೆ ಮಳೆಗಾಲದಲ್ಲಿ ಅಲ್ಲಿಯೂ ಬಲೆ ಹಾಕುವಂತಿಲ್ಲ ಎಂದೆ.

ಸುಮತಿಯ ವಿಷಯ ಇಲ್ಲಿ ಹೇಳಬೇಕು. ಅವಳು ನನ್ನ ಯಾವ ಪ್ರತಿಭೆಯನ್ನೂ ಮೆಚ್ಚಿದವಳಲ್ಲ. ಕನ್ನಡ ಸಂಘದ ಸ್ಮರಣಸಂಚಿಕೆಯಲ್ಲಿ ನನ್ನ ಲೇಖನ ಬಂದಾಗ ಎರಡು ಪುಟ ತಿರುವಿ, ಅಧ್ಯಕ್ಷರ ಫೋಟೋ ಚೆನ್ನಾಗಿ ಬಂದಿದೆ ಎಂದು ಹೇಳಿ ಮಡಚಿಟ್ಟಳು. ನಾನು ಜೋಕು ಹೇಳಿದರೆ ಮುಂದೇನಾಯಿತು ಎಂದು ಕೇಳುತ್ತಾಳೆ. ಅಂಥವಳು ಆ ಭಾನುವಾರ ನನ್ನ ಅರ್ಥಗಳನ್ನು ಕೇಳಿ ನಕ್ಕು, ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ನಾನು ಅವಳನ್ನು ಹಾಗೆ ನಗಿಸಿದ್ದು ಅದೇ ಮೊದಲು. ಮರುವರ್ಷವೂ ನಕ್ಕಳು, ಅದರ ಮರುವರ್ಷವೂ. ನಾನು ಅಲ್ಲಿಗೆ ಹೋಗುತ್ತಿದ್ದುದು ಹಾಡಿಗೂ ಅಲ್ಲ, ಗೋಳಿಬಜೆಗೂ ಅಲ್ಲ, ವರ್ಷಕ್ಕೊಮ್ಮೆ ಸಿಗುವ ಆ ನಗುವಿಗೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಈ ವರ್ಷ ಆ ಹಾಲ್‌ಗೆ ದಿನಕರ್ ಬಂದರು. ಅವರು ಜಯರಾಮಣ್ಣನ ಶಾಲೆಯ ಗೆಳೆಯ. ಇಪ್ಪತ್ತೆರಡು ವರ್ಷ ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾಗಿ, ನಮ್ಮದೇ ಸೊಸೈಟಿಯ ಸಿ ವಿಂಗ್‌ನಲ್ಲಿ ಬಾಡಿಗೆಗೆ ಬಂದಿದ್ದಾರೆ. ಮದುವೆಯಾಗಿಲ್ಲ. ಅರವತ್ತಾದರೂ ಹೊಟ್ಟೆ ಬಂದಿಲ್ಲ. ಅಡುಗೆಯವರಿಗೆ ಹೊಟ್ಟೆ ಇಲ್ಲವೆಂದರೆ ಅವರನ್ನು ನಂಬುವುದು ಹೇಗೆ ಎಂದು ನನಗೆ ಆಗಲೇ ಅನ್ನಿಸಿತ್ತು. ಬಂದವರೇ ಅಡುಗೆಮನೆಗೆ ಹೋಗಿ ವನಜಕ್ಕನ ಅಪ್ಪಣೆ ಕೇಳಿ ಗೋಳಿಬಜೆಯ ಹಿಟ್ಟನ್ನು ಇನ್ನೆರಡು ಸಲ ಕಲಸಿಕೊಟ್ಟರು. ಬಜೆ ಹತ್ತಿಯಂತೆ ಹಗುರವಾಗಿ ಬಂತು. ಸುಮತಿ ಒಂದರ ಮೇಲೊಂದು ತಿಂದು, ಇಷ್ಟು ವರ್ಷ ನಾವು ತಿಂದದ್ದು ಏನು ಹಾಗಾದರೆ ಎಂದಳು. ನಾನು ಒಂದನ್ನು ಕಷ್ಟಪಟ್ಟು ನುಂಗಿ, ಉಪ್ಪು ಸ್ವಲ್ಪ ಮುಂದಾಯಿತೋ ಏನೋ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಹಾಡು ಶುರುವಾಯಿತು. ಕೆಂಪು ಗೌನಿನ ಹೆಂಗಸು ಎರಡೂ ಕೈ ಚಾಚಿ ಹಾಡುತ್ತಿದ್ದಳು. ದರ್ಜಿ ದೀಪಾವಳಿಗೆ ಕೊಡಬೇಕಾದ ಬ್ಲೌಸನ್ನು ಇನ್ನೂ ಹೊಲಿದುಕೊಟ್ಟಿಲ್ಲ ಎಂಬ ಒಂದು ಕರುಣಕಥೆ ನನ್ನ ಮನಸ್ಸಿನಲ್ಲಿ ಸಿದ್ಧವಾಗಿತ್ತು. ವನಜಕ್ಕ ವಾಡಿಕೆಯಂತೆ ನನ್ನತ್ತ ತಿರುಗಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದಿನಕರ್ ಮೆಲ್ಲಗೆ, "ಹೋಗಬೇಡ, ನೀನು ಹೋದರೆ ನಾನು ಬದುಕುವುದಿಲ್ಲ ಅಂತ ಹೇಳ್ತಾಳೆ" ಎಂದರು. ನಿಮಗೆ ಇಟಾಲಿಯನ್ ಬರುತ್ತದಾ ಎಂದು ಶ್ರೇಯಾ ಕೇಳಿದಳು. ಅಷ್ಟೇನೂ ಇಲ್ಲ, ಬಂದರಿನಲ್ಲಿ ಇಳಿದು ತರಕಾರಿ ಚೌಕಾಶಿ ಮಾಡುವಷ್ಟು ಎಂದರು. ಮುಂದಿನ ಹಾಡಿನ ಭಾಷೆಯೂ ತರಕಾರಿಯಷ್ಟು ಬರುತ್ತಿತ್ತು, ಅದರ ಮುಂದಿನದೂ. ಗೊತ್ತಿರುವುದನ್ನು ಗರ್ವದಿಂದ ಹೇಳುವವರನ್ನು ಹೇಗಾದರೂ ಸಹಿಸಬಹುದು, ಮನಸ್ಸಿನಲ್ಲೇ ಬೈಯಲು ಆಸ್ಪದವಿರುತ್ತದೆ. ಇವರು ವಿನಯದಿಂದ ಹೇಳುತ್ತಿದ್ದರು. ಹೇಳಿದ ಮೇಲೆ ನನ್ನ ಕಡೆ ನೋಡಿ, ಸರಿಯಲ್ಲವೇ ವಿಶ್ವನಾಥರೇ ಎಂದು ಬೇರೆ ಕೇಳುತ್ತಿದ್ದರು. ನಾನು ಹಿರಿಯ ಅಧಿಕಾರಿಯ ಹಾಗೆ ತಲೆಯಾಡಿಸುತ್ತಿದ್ದೆ. ಒಳಗೆ ಹೊಟ್ಟೆ ಭಗಭಗ ಉರಿಯುತ್ತಿತ್ತು.

ಆದರೆ ದೇವರು ದೊಡ್ಡವನು. ಏಳೆಂಟು ಹಾಡು ಮುಗಿಯುವಷ್ಟರಲ್ಲಿ ನಿಜವಾದ ಅರ್ಥಗಳೆಲ್ಲ ಒಂದೇ ಎಂದು ತಿಳಿದುಬಂತು. ಹೋಗಬೇಡ, ಬಾ, ಕುಣಿಯೋಣ, ನನ್ನೊಳಗೆ ಬೆಂಕಿ ಹತ್ತಿದೆ, ಮತ್ತೆ ಹೋಗಬೇಡ. ಜಯರಾಮಣ್ಣ ಆಕಳಿಸಿದರು. ವನಜಕ್ಕ ಕುಕ್ಕರ್ ನೋಡಿಬರುತ್ತೇನೆಂದು ಎದ್ದರು. ಕೊನೆಗೆ ಶ್ರೇಯಾಳೇ ಬಾಯಿಬಿಟ್ಟಳು. "ದಿನಕರ್ ಅಂಕಲ್, ಕರೆಕ್ಟ್ ಮೀನಿಂಗ್ ತೋ ಫೋನ್‌ನಲ್ಲೂ ಬರ್ತದೆ ನಾ. ವಿಶ್ವ ಅಂಕಲ್ ಹೇಳುವುದು ಕಹೀಂ ನಹೀಂ ಮಿಲ್ತಾ, ಎಲ್ಲಿಯೂ ಸಿಗುವುದಿಲ್ಲ."

ಆ ಒಂದು ಮಾತಿನಿಂದ ಒಂದು ದೊಡ್ಡ ರಹಸ್ಯ ಹೊರಬಿತ್ತು. ಪ್ರತಿ ವರ್ಷ ನಾವು ಮನೆಗೆ ಹೋದ ಮೇಲೆ ಸಂಜೆ ಅವಳು ಫೋನಿನಲ್ಲಿ ಎಲ್ಲ ಹಾಡುಗಳ ನಿಜವಾದ ಅರ್ಥ ಹುಡುಕಿ ಅಪ್ಪ ಅಮ್ಮನಿಗೆ ಓದಿ ಹೇಳುತ್ತಿದ್ದಳಂತೆ. ಆಗ ಅವರೆಲ್ಲ ಎರಡನೇ ಸಲ ನಗುತ್ತಿದ್ದರಂತೆ. 'ಮಿನಾ' ಎಂದರೆ ಆ ಭಾಷೆಯಲ್ಲಿ 'ನಾನು' ಎಂದು ಅರ್ಥವಂತೆ, ಮೀನಲ್ಲವಂತೆ. ಸುಮತಿಗೂ ಗೊತ್ತಿತ್ತಂತೆ; ವನಜಕ್ಕ ಫೋನು ಮಾಡಿ ಹೇಳುತ್ತಿದ್ದರಂತೆ. ನಾನು ಇಷ್ಟು ವರ್ಷ ಬುದ್ಧಿವಂತನೆಂದು ತಿಳಿದು ಕೂತದ್ದು ವಿದೂಷಕನ ಜಾಗದಲ್ಲಿ. ಅವಮಾನದಿಂದ ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಸರಿಯಾದ ಅರ್ಥಕ್ಕೆ ಆ ಮನೆಯಲ್ಲಿ ಬೆಲೆ ಇಲ್ಲ ಎಂದಾದ ಮೇಲೆ ದಿನಕರ್ ಆಟದಿಂದ ಹೊರಗೆ. ಮುಂದಿನ ಹಾಡಿನಲ್ಲಿ ಏಣಿಯ ಮೇಲೆ ನಿಂತವನೊಬ್ಬ ಆಕಾಶಕ್ಕೆ ಮುಖಮಾಡಿ ಹಾಡುತ್ತಿದ್ದ. ಬಿಲ್ಡಿಂಗಿನ ನೀರಿನ ಟಾಂಕಿ ಇಣುಕಿ ನೋಡಿದ ಸೆಕ್ರೆಟರಿ ಇವನು, ನೀರಿಲ್ಲ ಎಂದು ಏಳು ಮಹಡಿಯವರಿಗೂ ಒಂದೇ ಉಸಿರಿಗೆ ಹೇಳುತ್ತಿದ್ದಾನೆ ಎಂದೆ. ಹಾಲ್ ಮತ್ತೆ ಎದ್ದು ಕೂತಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ದಿನಕರ್. ಅವರ ನಗುವೂ ಚೆನ್ನಾಗಿತ್ತು ಎಂಬುದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಗಮನಿಸಿದೆ.

ಆಮೇಲೆ ಬಂದದ್ದು ಆ ಹಾಡು. ಡೋಲಿನಂಥ ವಾದ್ಯ, ಮುಖಕ್ಕೆ ಹಳದಿ ಬಳಿದುಕೊಂಡ ಒಬ್ಬ ಹೆಂಗಸು, ಸೊಂಟದಿಂದ ನೆಲದವರೆಗೆ ಇಳಿಬಿದ್ದ ನಾರಿನಂಥ ಲಂಗ. ಅವಳು ತಲೆಯೆತ್ತಿ 'ನೇಮ, ನೇಮ' ಎಂದು ಹಾಡತೊಡಗಿದಳು. ಜಯರಾಮಣ್ಣ ಕುರ್ಚಿಯ ತುದಿಗೆ ಬಂದರು. ನಮ್ಮ ತುಳುನಾಡಿನಲ್ಲಿ ದೈವಕ್ಕೆ ವರ್ಷಕ್ಕೊಮ್ಮೆ ಮುಖಕ್ಕೆ ಬಣ್ಣ ಹಚ್ಚಿ, ಕಾಲಿಗೆ ಗಗ್ಗರ ಕಟ್ಟಿ ನಡೆಸುವ ಸೇವೆಗೆ ನೇಮ ಎಂದೇ ಹೆಸರು. ಲಂಗವಂತೂ ದೈವ ಕಟ್ಟುವವರು ಸೊಂಟಕ್ಕೆ ಕಟ್ಟುವ ತೆಂಗಿನ ಗರಿಯ ಸಿರಿಯ ಹಾಗೆಯೇ ಇತ್ತು.

"ಅಲ್ಲಿಯೂ ನೇಮ ಉಂಟಾ ಮಾರಾಯ್ರೆ?" ಎಂದರು ಜಯರಾಮಣ್ಣ.

ಇಂಥ ಅವಕಾಶ ಜನ್ಮದಲ್ಲಿ ಒಮ್ಮೆ ಸಿಗುವುದು. ಉಂಟು, ಆದರೆ ಈ ವರ್ಷ ನಿಂತುಹೋಗಿದೆ ಎಂದು ನಾನು ಶುರುಮಾಡಿದೆ. ಕಮಿಟಿಯಲ್ಲಿ ಎರಡು ಪಂಗಡವಾಗಿದೆ, ಒಂದು ಪಂಗಡ ಮುಂಬಯಿಯಲ್ಲಿ ಬೇರೆ ರಸೀದಿ ಪುಸ್ತಕ ಮಾಡಿಸಿದೆ, ದೈವ ಸಿಟ್ಟಾಗಿ ಬಂದು ಅಧ್ಯಕ್ಷರು ಯಾರು ಎಂದು ಕೇಳಿದರೆ ಹದಿನಾಲ್ಕು ಜನ ಒಟ್ಟಿಗೆ ಎದ್ದು ನಿಂತಿದ್ದಾರೆ ಎಂದೆಲ್ಲ ಹೇಳಿದೆ. ಜಯರಾಮಣ್ಣ ಹೊಟ್ಟೆ ಹಿಡಿದುಕೊಂಡು ಸೋಫಾಕ್ಕೆ ಒರಗಿದರು. ಅವರು ಊರಿನ ಅಂಥದೊಂದು ಕಮಿಟಿಯ ಹದಿನೈದನೆಯ ಸದಸ್ಯರು. ನಾನು ಜಯಭೇರಿ ಬಾರಿಸಿ ಸುಮತಿಯ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಟೀವಿಯನ್ನೇ ನೋಡುತ್ತಿದ್ದಳು. ಪರದೆಯ ಮೇಲೆ ಆ ಹೆಂಗಸು ಒಂದು ಬಾಗಿಲಿನ ಮುಂದೆ ಪುಟ್ಟ ಬಟ್ಟಲು ಹಿಡಿದು ನಿಂತಿದ್ದಳು.

"ಅಣ್ಣಾರ, ಖರೇ ಹೇಳ್ರಿ, ಆಕಿ ಏನ್ ಹಾಡಾಕತ್ತಾಳ?" ಎಂದು ಸುಮತಿ ದಿನಕರ್ ಅವರನ್ನು ಕೇಳಿದಳು.

ಅವರು ನನ್ನ ಮುಖ ನೋಡಿದರು. ವಿಶ್ವನಾಥರು ಹೇಳಿದ್ದೇ ಇರಬಹುದು ಎಂದು ತಪ್ಪಿಸಿಕೊಳ್ಳಲು ನೋಡಿದರು. ಆ ಕಮಿಟಿಯ ಉಪಾಧ್ಯಕ್ಷರ ಬಗ್ಗೆ ಇನ್ನೂ ಹೇಳುವುದಿದೆ ಎಂದು ನಾನು ಬಾಯಿ ಹಾಕಿದೆ.

"ನೀವ್ ಸ್ವಲ್ಪ ಸುಮ್ಮನಿರ್ರಿ. ಅವರು ಹೇಳ್ಲಿ," ಎಂದಳು ಸುಮತಿ.

ದಿನಕರ್ ಹೇಳಿದರು. ಆ ಭಾಷೆಯಲ್ಲಿ 'ನೇಮ' ಎಂದರೆ 'ಇಲ್ಲ' ಎಂದರ್ಥ. ಆ ಹೆಂಗಸು ದಿನವೂ ಪಕ್ಕದ ಮನೆಗೆ ಹೋಗಿ ಬಾಗಿಲು ಬಡಿಯುತ್ತಾಳೆ. ಒಂದು ದಿನ ಉಪ್ಪಿಲ್ಲ ಎನ್ನುತ್ತಾಳೆ, ಮರುದಿನ ಸಕ್ಕರೆ ಇಲ್ಲ ಎನ್ನುತ್ತಾಳೆ, ಇನ್ನೊಂದು ದಿನ ಬೆಂಕಿಪೆಟ್ಟಿಗೆ ಇಲ್ಲ. ಎಲ್ಲವೂ ಅವಳ ಮನೆಯಲ್ಲಿ ಡಬ್ಬಿ ತುಂಬ ಇದೆ. ಇಲ್ಲದಿರುವುದು ಮಾತಾಡಲು ಒಬ್ಬರು ಮಾತ್ರ. ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ ಎಂದು ಉಪ್ಪು ಕೇಳುತ್ತಾಳೆ. ಒಂದು ದಿನ ಅವಳಿಗೆ ಜ್ವರ, ಏಳಲಾಗುವುದಿಲ್ಲ. ಆಗ ಅವಳ ಬಾಗಿಲು ಬಡಿದ ಸದ್ದಾಗುತ್ತದೆ. ಪಕ್ಕದ ಮನೆಯವಳು ಬಟ್ಟಲು ಹಿಡಿದು ನಿಂತು, ನಮ್ಮಲ್ಲಿ ಉಪ್ಪಿಲ್ಲ ಎನ್ನುತ್ತಾಳೆ. ದಿನಕರ್ ಇಷ್ಟನ್ನೂ ಹಾಡಿನ ಜೊತೆಜೊತೆಗೆ, ಸ್ವರ ಏರಿಸದೆ, ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದರು.

ಚಾಳಿನಲ್ಲಿ ಬೆಳೆದ ಸುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುವಾಗ ಒರೆಸಿಕೊಳ್ಳುತ್ತಿದ್ದ ಅದೇ ಸೆರಗು. ವನಜಕ್ಕನೂ ಮೂಗೊರೆಸಿಕೊಂಡರು. ಶ್ರೇಯಾ ಮಾತ್ರ ಚಪ್ಪಾಳೆ ತಟ್ಟಿ, ದಿನಕರ್ ಅಂಕಲ್ ಕೂಡ ವಿಶ್ವ ಅಂಕಲ್ ತರಹ ಕಥೆ ಕಟ್ಟಲು ಕಲಿತುಬಿಟ್ಟರು, ಇದು ಅವರಿಗಿಂತಲೂ ಬೆಸ್ಟ್ ಎಂದಳು. ಜಯರಾಮಣ್ಣ ಗೆಳೆಯನ ಬೆನ್ನು ತಟ್ಟಿದರು. ದಿನಕರ್ ಏನೋ ಹೇಳಲು ಬಾಯಿ ತೆರೆದು, ಗದ್ದಲದಲ್ಲಿ ಸುಮ್ಮನಾದರು. ನನ್ನ ಅವಸ್ಥೆ ಕೇಳಬೇಡಿ. ಸರಿಯಾದ ಅರ್ಥ ಹೇಳುವುದರಲ್ಲಿ ಅವರು ಗೆದ್ದದ್ದನ್ನು ಹೇಗೋ ಅರಗಿಸಿಕೊಂಡಿದ್ದೆ. ಸುಳ್ಳು ಹೇಳುವುದು ನನ್ನ ಸ್ವಂತ ಕೃಷಿ. ಅದರಲ್ಲಿಯೂ ಬಂದ ಒಂದೂವರೆ ಗಂಟೆಯೊಳಗೆ ನನ್ನನ್ನು ಮೀರಿಸುವುದೆಂದರೆ ಏನು? ಅದೂ ನನ್ನ ಹೆಂಡತಿಯ ಎದುರಿಗೆ?

ನೀರು ಕುಡಿದು ಬರುತ್ತೇನೆಂದು ಅಡುಗೆಮನೆಗೆ ಹೋದೆ. ನೀರು ಕುಡಿಯಲಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳವನ್ನು ಸದ್ದಾಗದಂತೆ ಎತ್ತಿ ನನ್ನ ಫೋನು ತೆಗೆದೆ. ಇಷ್ಟು ವರ್ಷಗಳಲ್ಲಿ ಒಂದು ಹಾಡಿನ ನಿಜವಾದ ಅರ್ಥವನ್ನು ತಿಳಿಯಬೇಕೆಂದು ನನಗೆ ಅನ್ನಿಸಿದ್ದು ಅದೇ ಮೊದಲು. ಹುಡುಕಿದೆ, ಸಿಕ್ಕಿತು, ಓದಿದೆ. ಉಪ್ಪಿಲ್ಲ, ಸಕ್ಕರೆ ಇಲ್ಲ, ಬೆಂಕಿಪೆಟ್ಟಿಗೆ ಇಲ್ಲ, ಬಟ್ಟಲು, ಬಾಗಿಲು, ಜ್ವರ. ಒಂದು ಅಲ್ಪವಿರಾಮವೂ ಹೆಚ್ಚುಕಮ್ಮಿ ಇರಲಿಲ್ಲ. ಮನುಷ್ಯ ಒಂದು ಮಾತನ್ನೂ ತಾನಾಗಿ ಕಟ್ಟಿರಲಿಲ್ಲ! ನನಗೆ ಕುಣಿಯುವಷ್ಟು ಸಂತೋಷವಾಯಿತು. ಸರಿಯಾದ ಅರ್ಥ ಹೇಳುವವರಿಗೆ ಈ ಮನೆಯಲ್ಲಿ ಬೆಲೆ ಇಲ್ಲ ಎಂದು ಆಗಷ್ಟೇ ತೀರ್ಮಾನವಾಗಿತ್ತಲ್ಲ? ನನ್ನ ಲೆಕ್ಕದಲ್ಲಿ ಅವರು ಮೋಸ ಮಾಡಿದ್ದರು. ನಾನು ಫೋನು ಹಿಡಿದುಕೊಂಡೇ ಹಾಲ್‌ಗೆ ನುಗ್ಗಿದೆ.

"ಇದು ಇವರು ಕಟ್ಟಿದ್ದಲ್ಲ. ಹಾಡಿನ ನಿಜವಾದ ಅರ್ಥವೇ ಇದು, ಕೇಳಿ," ಎಂದು ಪರದೆಯಲ್ಲಿದ್ದುದನ್ನು ಗಟ್ಟಿಯಾಗಿ ಓದತೊಡಗಿದೆ. ಆವೇಶದಲ್ಲಿ ಮೊದಲ ಸಾಲಿನಿಂದಲೇ ಓದಿದೆ. ಮೊದಲ ಸಾಲಿನಲ್ಲಿ, ಈ ವರ್ಷದ ಸ್ಪರ್ಧೆಯಲ್ಲಿ ಗೆದ್ದ ಹಾಡು ಎಂದಿತ್ತು.

ಟೀವಿಯಲ್ಲಿ ಇನ್ನೂ ಹನ್ನೊಂದು ಹಾಡು ಬಾಕಿ ಇದ್ದವು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಶ್ರೇಯಾ ಫಲಿತಾಂಶ ಒಡೆದುಹೋದದ್ದಕ್ಕಿಂತ ಹೆಚ್ಚಾಗಿ ನನ್ನ ಕೈಯಲ್ಲಿದ್ದ ಫೋನನ್ನು ನೋಡುತ್ತಿದ್ದಳು. "ವಿಶ್ವ ಅಂಕಲ್, ನೀವೂ ಫೋನ್ ನೋಡ್ತೀರಾ?" ಎಂದಳು. ಅವಳ ದನಿಯಲ್ಲಿದ್ದ ದುಃಖ ಕೇಳಿ ನಾನು ಫೋನನ್ನು ಬೆನ್ನ ಹಿಂದೆ ಅಡಗಿಸಿದೆ. ಪಕ್ಕದಲ್ಲಿ ದಿನಕರ್ ಕಿವಿಯವರೆಗೆ ಕೆಂಪಾಗಿದ್ದರು. ತಪ್ಪು ತಮ್ಮದೇ ಎಂಬಂತೆ, ಇದು ಕಟ್ಟಿದ್ದಲ್ಲವೆಂದು ನಾನು ಆಗಲೇ ಹೇಳಬೇಕಿತ್ತು ಎಂದು ನನ್ನ ಕ್ಷಮೆ ಕೇಳಿದರು. ಅದನ್ನೂ ವಿನಯದಿಂದಲೇ ಕೇಳಿದರು.

ಆಗ ಸುಮತಿ ಮಾತಾಡಿದಳು. "ಇಷ್ಟ್ ವರ್ಷದಾಗ ನಮ್ಮವ್ರು ಹೇಳಿದ ಒಂದ ಖರೇ ಅರ್ಥ ಇದು ನೋಡ್ರಿ. ಅದೂ ದಿನಕರಣ್ಣಾರು ಹೇಳಿ ಮುಗಿಸಿದ ಮ್ಯಾಲ."

ಹೇಳಿ ನಗಲು ಶುರುಮಾಡಿದಳು. ಅಂಥ ನಗುವನ್ನು ನಾನು ಕಂಡಿರಲಿಲ್ಲ. ಸೋಫಾದ ಕೈ ಹಿಡಿದುಕೊಂಡು, ಮೈ ಕುಲುಕಿ, ಉಸಿರು ಸಿಗದೆ ನಕ್ಕಳು. ಅವಳನ್ನು ನೋಡಿ ವನಜಕ್ಕ, ವನಜಕ್ಕನನ್ನು ನೋಡಿ ಜಯರಾಮಣ್ಣ, ಕೊನೆಗೆ ಶ್ರೇಯಾ ಕೂಡ ನಕ್ಕಳು. ಇಷ್ಟು ವರ್ಷ ಹಾಲು, ಮೀನು, ಟಾಂಕಿ ಎಂದೆಲ್ಲ ಕಟ್ಟಿ ಹೇಳಿದರೂ ಬಾರದ ನಗು ಒಂದೇ ಒಂದು ನಿಜ ಹೇಳಿದ್ದಕ್ಕೆ ಬಂದಿತ್ತು. ನನಗೆ ಬೇಕಾದದ್ದು ಸಿಕ್ಕಿತು ಎಂದು ನಾನು ಅಲ್ಲಿಗೆ ತೃಪ್ತಿಪಡಬಹುದಿತ್ತು. ಆದರೆ ಅವಳು ಅಷ್ಟು ಹೊತ್ತು ನಗುವಾಗ ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ದಿನಕರ್ ಅವರ ಮುಖವನ್ನು. ಅದರ ಅರ್ಥ ಏನೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು.